ಅಳಿಸುವ ಹಾಡು, ಎಬ್ಬಿಸುವ ಹಾಡು

ಭಜನೆಯಲ್ಲಿ ಬಾರಿಸುವ ದಮ್ಮಡಿ ಹಿಡಿದು ಹಿಡಿದು ಕಾಕಾನ ಎಡಗೈ ಹೆಬ್ಬೆರಳು ಹೊರಕ್ಕೆ ಬಾಗಿಬಿಟ್ಟಿತ್ತು. ಊಟಕ್ಕೆ ಕುಳಿತಾಗಲೂ ಅದು ಕಾಣದ ದಮ್ಮಡಿಯೊಂದನ್ನು ಹಿಡಿದಂತೆಯೇ ಇರುತ್ತಿತ್ತು.

ಹತ್ತಿಮತ್ತೂರಿನ ಸುತ್ತ ಯಾರೇ ಸತ್ತರೂ ಹೆಣ ಕೂರಿಸಿ ಅದರ ಮುಂದೆ ಭಜನೆ ಮಾಡಲು ನಮ್ಮ ಮೇಳಕ್ಕೇ ಕರೆ. ಯುದ್ಧದ ಕಾಲ, ಸಕ್ಕರೆಗೆ, ಸೀಮೆಎಣ್ಣೆಗೆ ಬರವಿತ್ತು, ಸಾವಿಗಿರಲಿಲ್ಲ. ಕಾಕಾ ಮೇಳದ ಹಿರಿಯರು. ನಾನು ಅಳಿಸುವುದರಲ್ಲಿ ಪೈಲ್ವಾನ. ಸತ್ತವನಿಗೆ ಸಾಲ ಕೊಟ್ಟವರೂ ನನ್ನ ಪದಕ್ಕೆ ಮೂಗು ಒರೆಸಿಕೊಳ್ಳಬೇಕು.

ಒಂದು ಮನೆಯಲ್ಲಿ ಗಂಡ ಸತ್ತ ಬಾಣಂತಿ ಗೋಡೆಗೊರಗಿ ಕುಳಿತಿದ್ದಳು. ಹಸಿದ ಕೂಸು ಚೀರುತ್ತಿದ್ದರೂ ತಿರುಗಿ ನೋಡಲಿಲ್ಲ. ನಾನು ಅಗಲಿಕೆಯ ಪದ ಎತ್ತಿದೆ. ಮನೆಯೆಲ್ಲ ಗೋಳೋ ಎಂದಿತು. ಆಕೆಯ ಕೈ ಜಾರಿ ನೆಲಕ್ಕೆ ಬಿತ್ತು. ನಾನು ಕುಸ್ತಿ ಗೆದ್ದವನಂತೆ ಕಾಕಾನ ಕಡೆ ನೋಡಿದೆ.

"ಮಂಗ್ಯಾ, ಆಕಿ ಕಣ್ಣ ನೋಡಬ್ಯಾಡ, ಕೈ ನೋಡು," ಎಂದು ಗದರಿ, ಅವರು ಹೆಂಗಸರು ಬೀಸುಕಲ್ಲಿನ ಮುಂದೆ ಹಾಡುವ ಬೀಸುವ ಪದ ಶುರುಮಾಡಿದರು.

"ಹೆಣದ ಮುಂದ ಬೀಸೂ ಪದ ಏನ್ರಿ ಕಾಕಾ?"

"ಬಾಯಿ ಮುಚ್ಚಿ ತಾಳ ಹಾಕು."

ಸ್ವಲ್ಪ ಹೊತ್ತಿಗೆ ಆಕೆಯ ಬೆರಳುಗಳು ಮೊಣಕಾಲಿನ ಮೇಲೆ ಆಡತೊಡಗಿದವು. ಅಳುತ್ತಲೇ ಕೂಸನ್ನು ಎತ್ತಿಕೊಂಡಳು.

ದಾರಿಯಲ್ಲಿ ಕಾಕಾ ಹೇಳಿದರು: "ದುಃಖ ಅಂದ್ರ ಕಣ್ಣೀರಲ್ಲೋ ತಮ್ಮಾ, ಕಸುವು ಇಳಿಯೂದು. ಹಾಡು ಕೇಳಿ ಅತ್ತ ಮ್ಯಾಲ ಮನಷ್ಯಾನ ಕೈಯಾಗ ಕಸುವು ಬಂತೋ, ಇದ್ದದ್ದೂ ಹೋತೋ, ಅದನ್ನ ನೋಡಬೇಕು."

ಮುಂದೆ ಕಾಕಿ ತೀರಿಕೊಂಡರು. ಕಾಕಾ ಕಟ್ಟೆ ಹಿಡಿದು ಕುಳಿತವರು ಊಟ, ಹೊಲ, ಮೇಳ ಎಲ್ಲ ಬಿಟ್ಟರು. ಬೀಸುವ ಪದ ಹಾಡಿದೆ. ಕುಟ್ಟುವ ಪದ ಹಾಡಿದೆ. ಬೆರಳು ಅಲುಗಲಿಲ್ಲ.

"ಕಾಕಾ, ಎಲ್ಲಾರನ್ನೂ ಎಬ್ಬಿಸಿದವ್ರು ನೀವು. ನಿಮಗ ಗೊತ್ತೈತಲ್ರಿ, ಏಳ್ರಿ."

"ಗೊತ್ತೈತೋ. ಕಸುವು ಎಲ್ಲಿಂದ ಇಳ್ಯಾಕತ್ತೈತಿ ಅನ್ನೂದೂ ಗೊತ್ತೈತಿ. ಬರೇ ತಿಳಕೊಂಡ್ರ ಏಳಾಕ ಆಗೂದಿಲ್ಲ. ಈ ದುಃಖಕ್ಕಿಂತ ದೊಡ್ಡದೊಂದು ಮನಸಿನ್ಯಾಗ ಹುಟ್ಟಬೇಕು."

ಆ ದೊಡ್ಡದನ್ನು ನಾನೇ ಹುಟ್ಟಿಸುತ್ತೇನೆಂದು ಹೊರಟೆ. ಸವಣೂರಿನಿಂದ ವೀಳ್ಯದೆಲೆ ತಂದು ಮಡಿಚಿ ಕೊಟ್ಟೆ. ಊರ ಗೌಡರ ನಡಿಗೆ ನಡೆದು ತೋರಿಸಿದೆ. ಬೇಕಂತಲೇ ಕಟ್ಟೆಯಿಂದ ಜಾರಿ ಎಮ್ಮೆಯ ಕಾಲಬುಡಕ್ಕೆ ಬಿದ್ದೆ; ಎಮ್ಮೆ ಬೇಕಂತಲೇ ತುಳಿಯಿತು.

ಕಾಕಾ ನಕ್ಕರು. ನನಗೆ ಮೈಯೆಲ್ಲ ಜೀವ ಬಂತು.

"ಪಾಪ, ಎಷ್ಟ್ ಬಡದಾಡತೀಯೋ. ಹೋಗು, ಕಾಲಿಗೆ ಅರಿಷಿಣ ಹಚ್ಕೋ," ಎಂದರು. ಕುಳಿತಲ್ಲಿಂದ ಮಾತ್ರ ಏಳಲಿಲ್ಲ.

ಹಿಂಗಾರಿ ಬಿತ್ತನೆಗೆ ಮೊದಲೇ ಹೋಗಿಬಿಟ್ಟರು.

ನನ್ನ ಕೋಡಂಗಿತನಕ್ಕೆ ಊರು ಈಗಲೂ ನಗುತ್ತದೆ. ನಕ್ಕವರೆಲ್ಲ ಧೋತರ ಝಾಡಿಸಿ ಎದ್ದು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಅವರು ಏಳುವ ತನಕ ನಾನು ಉಸಿರು ಹಿಡಿದಿರುತ್ತೇನೆ.