ಗಿಟಾರಿನ ಬೀಸುವ ಪದ ಮತ್ತು ಅಕ್ಕನ ಕಿವಿ

ನಮ್ಮ ಅಕ್ಕನ ಕಿವಿಗೆ ನಾನು ಕಾವಲು. ಸಂಬಳವಿಲ್ಲದ ಆ ಕೆಲಸಕ್ಕೆ ನನ್ನನ್ನು ನೇಮಿಸಿದವಳು ಅಜ್ಜಿ. ಅಕ್ಕನಿಗೆ ಸದ್ದು ಆಗುತ್ತಿರಲಿಲ್ಲ. ಒಗ್ಗರಣೆಗೆ ಸಾಸಿವೆ ಸಿಡಿದರೆ ಮುಖ ಗಂಟಿಕ್ಕುತ್ತಿದ್ದಳು, ಹಿತ್ತಾಳೆ ಕೊಡ ಜಾರಿ ಬಿದ್ದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು, ಬೀದಿಯಲ್ಲಿ ತಮಟೆ ಹೊಡೆದರೆ ಆ ದಿನ ಅನ್ನ ಮುಟ್ಟುತ್ತಿರಲಿಲ್ಲ. ಹೀಗಾಗಿ ನನ್ನ ಬಳಿ ಮೂರು ದರ್ಜೆಗಳಿದ್ದವು: ಸಾಸಿವೆ, ಕೊಡ, ತಮಟೆ. ಹೊಸ ಸದ್ದು ಯಾವುದೇ ಇರಲಿ, ಮೊದಲು ನಾನು ಕೇಳಿ, ದರ್ಜೆ ಕಟ್ಟಿ, ಅಜ್ಜಿಗೆ ವರದಿ ಒಪ್ಪಿಸಬೇಕು. ನಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಕೊಳ್ಳುವವರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರಲ್ಲ, ಹಾಗೆ ನಾನು ಸಿಕ್ಕಿದ್ದನ್ನೆಲ್ಲ ಅಲ್ಲಾಡಿಸಿ ನೋಡುತ್ತಿದ್ದೆ.

ಬಿಟ್ಟಿ ವೈದ್ಯರಿಗೆ ನಮ್ಮಲ್ಲಿ ಯಾವತ್ತೂ ಬರವಿಲ್ಲ. ಒಬ್ಬರು ಗಾಳಿ ಸೋಕಿದೆ ಎಂದರು, ಇನ್ನೊಬ್ಬರು ಸೊಕ್ಕು ಎಂದರು. ದಿನಾ ಕಿವಿಯ ಹತ್ತಿರ ಒಂದು ತಟ್ಟೆ ಬಡಿದರೆ ತಾನಾಗಿ ರೂಢಿಯಾಗುತ್ತದೆ ಎಂದು ಹೇಳಿದ ದೂರದ ನೆಂಟರೊಬ್ಬರ ಕಿವಿಯ ಹತ್ತಿರವೇ ಅಜ್ಜಿ ತಟ್ಟೆ ಬಡಿದು ಬಸ್ಸು ಹತ್ತಿಸಿದಳು.

ಆದರೆ ನಗುವ ಸಂಗತಿ ಅಲ್ಲ ಅದು. ಗೌರಿಬಿದನೂರಿನ ಕಡೆಯವರ ಜೊತೆ ಮೊದಲು ಅಕ್ಕನ ಮದುವೆ ಗೊತ್ತಾಗಿತ್ತು. ನಿಶ್ಚಿತಾರ್ಥದ ದಿನ ಓಲಗದವರು ಹೇಳದೆ ಕೇಳದೆ ಡೋಲು ಬಡಿದರು. ಅಕ್ಕ ಎರಡೂ ಕಿವಿ ಮುಚ್ಚಿಕೊಂಡು ಓಡಿದವಳು ದನದ ಕೊಟ್ಟಿಗೆಯಲ್ಲಿ ಸಿಕ್ಕಿದಳು. ಬಂದವರು ಹೋಳಿಗೆ ಊಟ ಮುಗಿಸಿಕೊಂಡು, ಹುಡುಗಿಗೆ ಬುದ್ಧಿ ನೆಟ್ಟಗಿಲ್ಲ ಎಂದು ಹೇಳಿ ಹೊರಟುಹೋದರು. ಹೋಳಿಗೆ ತಿನ್ನುವ ಮೊದಲೇ ಹೇಳಬಹುದಿತ್ತು. ಆಮೇಲೆ ಎರಡು ವರ್ಷ ನಮ್ಮ ಮನೆಗೆ ಯಾವ ಗಂಡಿನ ಕಡೆಯವರೂ ಬರಲಿಲ್ಲ.

ಕೊನೆಗೆ ಬಂದದ್ದು ಚಿಂತಾಮಣಿಯ ಗುಮಾಸ್ತರೊಬ್ಬರ ಸಂಬಂಧ. ಅವರು ಮಾತಾಡಿದರೆ ಪಕ್ಕದಲ್ಲಿ ಕೂತವರೂ ಕತ್ತು ಚಾಚಬೇಕು, ಅಷ್ಟು ಮೆಲ್ಲಗೆ. ಅವರು ಹೆಣ್ಣು ನೋಡಿ ಹೋದ ಮರುದಿನ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾ ಅಕ್ಕ, "ಈಯಪ್ಪ ಮಾತಾಡಿದ್ರೆ ನಂಗೆ ಕಿವಿ ನೋಯಲ್ಲ ಕಣೇ" ಅಂದಳು. ಹುಟ್ಟಿದಾಗಿನಿಂದ ಅವಳು ಯಾವ ಗಂಡಸಿನ ಬಗ್ಗೆಯೂ ಅಷ್ಟು ಒಳ್ಳೆಯ ಮಾತು ಆಡಿರಲಿಲ್ಲ. ಈ ಮದುವೆ ಮುರಿಯಬಾರದು ಎಂದು ನಾನು ಅಲ್ಲೇ ಸೊಪ್ಪಿನ ಬುಟ್ಟಿ ಮುಟ್ಟಿ ಆಣೆ ಮಾಡಿಕೊಂಡೆ. ಅಕ್ಕನ ಕಿವಿಯ ಸುದ್ದಿಯನ್ನು ಮಾತ್ರ ಅವರಿಗೆ ಯಾರೂ ಹೇಳಲಿಲ್ಲ.

ಗಂಡು ಮೆಲುಮಾತಿನವರು, ಸರಿ. ಅವರ ತಮ್ಮ ಇದ್ದನಲ್ಲ! ಬೆಂಗಳೂರಿನಲ್ಲಿ ಕಾಲೇಜು ಓದುತ್ತಾ, ಕೂದಲನ್ನು ಕಿವಿ ಮುಚ್ಚುವಷ್ಟು ಬೆಳೆಸಿಕೊಂಡು, ಗಿಟಾರು ಕಲಿತಿದ್ದ. ನಮ್ಮ ಹೆಂಗಸರು ರಾಗಿ ಬೀಸುವಾಗ ಹೇಳುವ ಪದವೊಂದನ್ನು ಹಿಡಿದು, ಅದಕ್ಕೆ ಗಿಟಾರು, ಡ್ರಮ್ಮು ಸೇರಿಸಿ ಹೊಸ ನಮೂನೆಯ ಹಾಡು ಮಾಡಿದ್ದ. ಧಾರೆಯಲ್ಲಿ ಓಲಗ ಬೇಡ, ತಾಳಿ ಕಟ್ಟುವಾಗ ಗಟ್ಟಿಮೇಳಕ್ಕೆ ತನ್ನ ಹಾಡೇ ಆಗಬೇಕು ಎಂದು ಅವನ ಹಟ. ಇದನ್ನು ಕೇಳಿ ಅಜ್ಜಿಗೆ ಬೀಸುವ ಕಲ್ಲೇ ತಲೆಯ ಮೇಲೆ ಬಿದ್ದಂತಾಯಿತು. ಆದರೂ ಗಂಡಿನ ಕಡೆಯವರು. "ಒಂದ್ಸಲ ಕೇಳಿಸಪ್ಪ, ನೋಡಣ" ಎಂದು ಹೇಳಿ ಕಳಿಸಿದಳು.

ಅವನು ಡ್ರಮ್ಮಿನ ಗೆಳೆಯನೊಬ್ಬನನ್ನು ಕಟ್ಟಿಕೊಂಡು ಬಂದಾಗ ನಮ್ಮ ಹುಳುಗಳು ಜ್ವರಕ್ಕೆ ಕೂತಿದ್ದವು. ರೇಷ್ಮೆ ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ಅಲುಗಾಡದೆ ಕೂರುತ್ತದೆ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಅಜ್ಜಿಗೆ ಒಳ್ಳೆಯ ನೆಪ ಸಿಕ್ಕಿತು. "ಹುಳಕ್ಕೆ ಸದ್ದಾಗಲ್ಲಪ್ಪ. ಮೆಲ್ಲಗೆ ಬಾರ್ಸು," ಅಂದಳು. ಅಕ್ಕ ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಳು. ನಾನು ನಡುಮನೆಯಲ್ಲಿ ದೊಡ್ಡ ವಿದುಷಿಯಂತೆ ಚಕ್ಕಳಮಕ್ಕಳ ಹಾಕಿ ಕೂತೆ.

ನಿಜ ಹೇಳಬೇಕೆಂದರೆ ಹಾಡು ಚೆನ್ನಾಗಿತ್ತು. ಮೊದಲೆರಡು ನುಡಿ ಬರೀ ಗಿಟಾರು. ಸಾಸಿವೆಯ ದರ್ಜೆಗೂ ಬರಲಿಲ್ಲ. ಉಸಿರೆಳೆಯಲು ನಿಲ್ಲಿಸಿದ ಹುಡುಗ ಎದ್ದು ಹುಳುಮನೆಯ ಬಾಗಿಲಲ್ಲಿ ಇಣುಕಿದ. ತಟ್ಟೆತಟ್ಟೆಯಲ್ಲೂ ಹುಳುಗಳೆಲ್ಲ ತಲೆ ಮೇಲೆತ್ತಿಕೊಂಡು, ಮಿಸುಕದೆ ನಿಂತಿದ್ದವು.

"ಅಜ್ಜೀ! ನೋಡಿಲ್ಲಿ, ತಲೆ ಎತ್ತಿ ಕೇಳ್ತಾವೆ!"

"ಜ್ವರಕ್ಕೆ ಕೂತ ಹುಳ ಹಂಗೇ ಇರ್ತದೆ ಕಣಪ್ಪ..."

ಯಾರು ಕೇಳುತ್ತಾರೆ? ಸಾವಿರಾರು ಶ್ರೋತೃಗಳು ಒಟ್ಟಿಗೆ ತಲೆ ಎತ್ತಿದ್ದು ಅವನ ಬದುಕಿನಲ್ಲಿ ಅದೇ ಮೊದಲು. ಗೆಳೆಯನಿಗೆ ಕಣ್ಣು ಹೊಡೆದ. ಮೂರನೇ ನುಡಿಗೆ ಡ್ರಮ್ಮು ಒಮ್ಮೆಗೇ ಬಿತ್ತು ನೋಡಿ, ಜಂತಿಯ ಧೂಳು ಉದುರಿತು. ನನ್ನ ಮೂರೂ ದರ್ಜೆಗಳು ಮುಗಿದುಹೋದವು. "ಏಮಿರಾ ಇದಿ!" ಎಂದು ಅಜ್ಜಿ ಸಿಟ್ಟಿನಲ್ಲಿ ತೆಲುಗಿಗೆ ಇಳಿದಳು.

ಕೋಣೆಯ ಬಾಗಿಲು ತೆರೆಯಿತು. ಅಕ್ಕ ಬೆವೆತುಹೋಗಿದ್ದಳು, ಕೈಗಳೆರಡೂ ಕಿವಿಯ ಮೇಲಿದ್ದವು. ಡ್ರಮ್ಮು ನಿಂತಿತು. ಮುಗಿಯಿತು, ಇವನು ಚಿಂತಾಮಣಿಗೆ ಹೋಗಿ ಎಲ್ಲ ಹೇಳುತ್ತಾನೆ, ಎಂದುಕೊಂಡೆ.

"ಹುಳಕ್ಕೇನೂ ಆಗಲ್ಲ," ಅಂದಳು ಅಕ್ಕ. "ಆಗೋದು ನಂಗೆ. ಇವ್ರು ಸುಳ್ಳು ಹೇಳಿದ್ರು."

ಆ ಹುಡುಗ ಗಿಟಾರು ಕೆಳಗಿಟ್ಟ. "ಹಂಗಾದ್ರೆ ಡ್ರಮ್ಮು ತೆಗೆದುಬಿಡ್ತೀನಿ ಅತ್ತಿಗೆ," ಅಂದ. ಪಾಪ, ಹಾಡಿನ ಜೀವವೇ ಅದು ಎಂದು ಬರುವಾಗ ಬಾಗಿಲಲ್ಲೇ ಕೊಚ್ಚಿಕೊಂಡಿದ್ದ.

"ತೆಗೀಬೇಡಿ. ಹಾಡು ಚೆನ್ನಾಗೈತೆ. ಸದ್ದು ಬರೋದು ಗೊತ್ತಿದ್ರೆ ತಡ್ಕೊತೀನಿ. ಗೊತ್ತಿಲ್ದಂಗೆ ಬಂದ್ರೇನೆ ಆಗಲ್ಲ. ನಾನು ಕೈ ಎತ್ತುತೀನಿ, ಆಗ ಹೊಡೀರಿ."

ಅಷ್ಟೇ. ಏಳು ವರ್ಷದಿಂದ ಊರಿನ ಸದ್ದನ್ನೆಲ್ಲ ತೂಗಿ ನೋಡಿದ ನಾನು, ನಿನಗೆ ಏನಾಗುತ್ತದೆ ಅಂತ ಅವಳನ್ನು ಒಂದು ಸಲವೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಅವನು ಊರಿಗೆ ಹೋಗಿ ಅಣ್ಣನಿಗೆ ಏನು ಹೇಳಿದನೋ, ಮದುವೆಯ ದಿನದವರೆಗೂ ನಮಗೆ ತಿಳಿಯಲಿಲ್ಲ. ಅಜ್ಜಿ ಆ ದಿನಗಳಲ್ಲಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಧಾರೆಯ ಹೊತ್ತಿಗೆ ಚಪ್ಪರ ಕಿಕ್ಕಿರಿದಿತ್ತು. ಗಿಟಾರು ಎರಡನೇ ನುಡಿಯ ಕೊನೆಯ ಸಾಲಿಗೆ ಬಂತು. ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು, ಕೈ ಮಡಿಲಲ್ಲೇ ಇತ್ತು. ಅದೇ ಸಾಲು ಮತ್ತೊಮ್ಮೆ ಬಂತು, ಮಗದೊಮ್ಮೆ ಬಂತು. ಡ್ರಮ್ಮಿನವನು ಕೋಲು ಮೇಲೆತ್ತಿಕೊಂಡು ಬೆವರುತ್ತಿದ್ದ. ಜನ ಗುಸುಗುಸು ಶುರು ಮಾಡಿದರು.

ಪುರೋಹಿತರು ಸಿಡಿಮಿಡಿಗೊಂಡು, "ಕಟ್ಟಪ್ಪಾ, ಮುಹೂರ್ತ ಮೀರ್ತದೆ!" ಅಂದರು.

ಭಾವ ತಾಳಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಕ್ಕನ ಮುಖವನ್ನೇ ನೋಡುತ್ತಿದ್ದರು. ಎಂದಿನ ಆ ಮೆಲುದನಿಯಲ್ಲೇ ಅಂದರು:

"ಮೀರ್ಲಿ ಸ್ವಾಮಿ. ಅವಳು ಕೈ ಎತ್ಲಿ."

ಅಕ್ಕ ಕಣ್ಣು ಬಿಟ್ಟು ಅವರನ್ನು ನೋಡಿದಳು. ಆಮೇಲೆ ಕೈ ಎತ್ತಿದಳು.