ಕದಿರಮ್ಮ ನೋಡದ ಮುಖ

ನಮ್ಮ ಕೆಂಚಾರ್ಲಹಳ್ಳಿಯ ಕದಿರಮ್ಮ ಯಾರ ಹಸುವನ್ನೂ ನೋಡುತ್ತಿರಲಿಲ್ಲ. ಬೀದಿಯಲ್ಲಿ ದನ ಎದುರಾದರೆ ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿದ್ದಳು. ಪಕ್ಕದ ಮನೆಯವಳು ನಾನು. ಅವಳನ್ನು ಹೀಗೆ ಮಾಡಿದ್ದು ಊರಿನ ಹಾಳು ಬಾಯಿ ಎನ್ನಲು ನನಗೇನೂ ಅಂಜಿಕೆಯಿಲ್ಲ.

ಅವಳು ಮದುವೆಯಾಗಿ ಬಂದ ಹೊಸದು. ಮಳೆ ಬಿದ್ದು, ಕೊಯ್ದ ಜೋಳದ ಕೂಳೆ ಮತ್ತೆ ಚಿಗುರಿತ್ತು. ವೆಂಕಟರಾಯಪ್ಪನ ಹಸು ಅದನ್ನು ಮೇಯುವುದು ಕಂಡು, “ಅಬ್ಬಾ, ಎಷ್ಟು ಚೆನ್ನಾಗಿ ಮೇಯ್ತೈತೆ!” ಎಂದಳು. ಸ್ವಲ್ಪ ಹೊತ್ತಿಗೆ ಹಸು ಏದುಸಿರು ಬಿಡುತ್ತಾ ನಡುಗಿ ಬಿದ್ದು ಸತ್ತಿತು. ಕಲ್ಲೇಟು ಬಿದ್ದರೂ ಕಣ್ಣೇಟು ಬೀಳಬಾರದು ಎಂದಿತು ಊರು. ಆಮೇಲೆ ಯಾರೂ ಅವಳಿಗೆ ಕರು ತೋರಿಸಲಿಲ್ಲ, ಕೂಸು ತೋರಿಸಲಿಲ್ಲ. ಕೇಳಿ ಕೇಳಿ ಅವಳೂ ನಂಬಿದಳು. ಸತ್ತ ಹಸು ಈಗಲೂ ಕನಸಿನಲ್ಲಿ ಬಂದು ಅವಳನ್ನೇ ನೋಡುತ್ತದಂತೆ.

ಮೊಮ್ಮಗಳು ಹರಿತಾಗೆ ಎಣ್ಣೆ ಹಚ್ಚಿ ನೀರು ಹಾಕಿ ಬೆಳೆಸಿದ್ದು ಅವಳೇ. ಆದರೆ ಮಗುವಿನ ಮುಖವನ್ನು ಒಮ್ಮೆಯೂ ನೋಡಿಲ್ಲ.

ಈ ಮುಂಗಾರಿನಲ್ಲಿ ಅವಳ ಮಗ ಗಂಗರಾಜುವಿನ ಹಸುವೂ ಕೂಳೆ ಮೇಯ್ದು ಹಾಗೇ ಬಿತ್ತು. ಕದಿರಮ್ಮ ಆಗ ಚಿಂತಾಮಣಿಯಲ್ಲಿರುವ ಮಗಳ ಮನೆಗೆ ಹೋಗಿದ್ದಳು. ಪುಣ್ಯಕ್ಕೆ ಲಸಿಕೆ ಹಾಕಲು ಬಂದಿದ್ದ ದನದ ಡಾಕ್ಟರು ರಮೇಶ್‌ಬಾಬು ಊರಲ್ಲೇ ಇದ್ದರು. ಇಂಜೆಕ್ಷನ್ ಕೊಟ್ಟು ಉಳಿಸಿದರು.

ಅವಳು ಊರಿಗೆ ಬಂದ ಕೂಡಲೇ ಕೈಹಿಡಿದು ಡಾಕ್ಟರ ಬಳಿ ಎಳೆದುಕೊಂಡು ಹೋದೆ.

“ಎಳೇ ಜೋಳದಲ್ಲಿ ಗ್ಲೈಕೋಸೈಡ್ ಅಂತ ಇರುತ್ತಮ್ಮ,” ಎಂದರು ಅವರು. “ಸಕ್ಕರೆ ಜೊತೆ ವಿಷ ಸೇರಿಸಿ ಗಂಟು ಹಾಕಿದಂಗೆ. ಹಸು ಅಗಿದ್ರೆ ಗಂಟು ಬಿಚ್ಚಿ ವಿಷ ಹೊರಗೆ ಬರುತ್ತೆ. ಪೈರು ಬಲಿತ ಮೇಲೆ ಅಷ್ಟು ಭಯ ಇಲ್ಲ.”

“ಹಂಗಾದ್ರೆ ಆವತ್ತು... ನಾನಲ್ವಾ ಸಾ?”

“ನೀವಲ್ಲಮ್ಮ.”

ಕದಿರಮ್ಮ ಗೊಳೋ ಎಂದು ಅತ್ತಳು. ಮನೆಗೆ ಬಂದವಳೇ ಕೊಟ್ಟಿಗೆಗೆ ಹೋಗಿ ಹಸುವನ್ನು ಕೋಡಿನಿಂದ ಗೊರಸಿನವರೆಗೆ ಕಣ್ತುಂಬ ನೋಡಿದಳು. ನನಗೂ ಕಣ್ಣೀರು ಬಂತು.

ಅಷ್ಟರಲ್ಲಿ ಸ್ಕೂಲಿನಿಂದ ಬಂದ ಹರಿತಾ, ಅಜ್ಜಿ ಹಸು ನೋಡುವುದು ಕಂಡು ಓಡಿ ಬಂದಳು. “ಅಜ್ಜೀ, ಇನ್ನು ನನ್ನೂ ನೋಡ್ತೀಯಾ?”

ಕದಿರಮ್ಮ ತಟ್ಟನೆ ಕಣ್ಣು ಮುಚ್ಚಿದಳು.

ನನಗೆ ಸಿಟ್ಟು ನೆತ್ತಿಗೇರಿತು. “ಡಾಕ್ಟ್ರು ಅಷ್ಟು ಬಿಡಿಸಿ ಹೇಳಿದ್ರಲ್ಲೇ! ನಂಬಿಕೆ ಇಲ್ವಾ?”

“ನಂಬಿದೀನಿ ಕಣಕ್ಕ,” ಎಂದಳು, ಕಣ್ಣು ಬಿಡದೆ. “ಅವರ ಮಾತು ತಪ್ಪಾಗಿ ಹಸು ಹೋದ್ರೆ ಇನ್ನೊಂದು ತರ್ಬೋದು. ಇವಳನ್ನ ಎಲ್ಲಿಂದ ತರ್ಲಿ?”