ಇಲಿಮನೆಯ ಆಯುಧಪೂಜೆ

ಮೊನ್ನೆ ಶಿವಮೊಗ್ಗದಲ್ಲಿ ಲವ್ ಬರ್ಡ್ಸ್, ಬಿಳಿ ಇಲಿ ಮಾರುವ ಅಂಗಡಿಯ ಮುಂದೆ ಒದ್ದೆ ಭತ್ತದ ಹೊಟ್ಟಿನ ವಾಸನೆ ಮೂಗಿಗೆ ಬಡಿಯಿತು. ಸಭ್ಯರು ಕರವಸ್ತ್ರ ಹಿಡಿಯುವ ವಾಸನೆ. ನಾನು ನಿಂತೇಬಿಟ್ಟೆ... ಹಿಂದೆ ಅದೇ ಊರಿನ ನಮ್ಮ ಸಂಶೋಧನಾ ಕೇಂದ್ರದಲ್ಲಿ ಇಲಿಮನೆ ನೋಡಿಕೊಳ್ಳುತ್ತಿದ್ದವರು ನೆನಪಾದರು.

ಭದ್ರಾವತಿಯ ಜನ್ನಾಪುರದಿಂದ ದಿನಾ ಮೊದಲ ಬಸ್ಸಿಗೆ ಬರುತ್ತಿದ್ದರು. ಹಣೆಯ ಮೇಲೆ ಅಗಲ ವಿಭೂತಿ. ದಿನಗೂಲಿ ಕೆಲಸ, ಕಾಯಂ ಆಗುವವರ ಪಟ್ಟಿಯಲ್ಲಿ ಆ ವರ್ಷ ಅವರ ಹೆಸರಿತ್ತು. ನನ್ನದು ಪಿಎಚ್‌ಡಿ ಎಂಬ ಘೋರ ತಪಸ್ಸು. ಉಪ್ಪು ತಿಂದರೆ ಬಿಪಿ ಏರುವ ತಳಿಯ ಇಲಿಗಳಿಗೆ ಉಪ್ಪು ಹೆಚ್ಚಿಸಿದಾಗ ರಕ್ತದಲ್ಲಿ ಡಿ ವಿಟಮಿನ್ ಇಳಿಯುತ್ತಿತ್ತು. ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಲೋಕಕಲ್ಯಾಣಾರ್ಥವಾಗಿ ನಾನು ಕಂಡುಹಿಡಿಯಬೇಕಿತ್ತು.

ಒಮ್ಮೆ ಅವರೇ, "ಸಾರ್, ಉಪ್ಪಿನ ಇಲಿಗಳ ಉಚ್ಚೇಲಿ ನೊರೆ ಏಳ್ತದೆ. ಬೇರೇವಕ್ಕೆ ಇಲ್ಲ. ಒಂಚೂರು ನೋಡಿ," ಎಂದರು.

"ಮಾರಾಯ್ರೆ, ನೀವು ಪಂಜರ ತೊಳೀರಿ, ವಿಜ್ಞಾನ ನಂಗೆ ಬಿಡಿ," ಎಂದೆ. ಆದರೂ ಮಾರನೇ ದಿನದಿಂದ ಇಲಿಗಳ ಮೂತ್ರವನ್ನು ಸೀಸೆಗಳಲ್ಲಿ ಹಿಡಿದು ಫ್ರಿಜ್ಜಿನಲ್ಲಿಡತೊಡಗಿದೆ. ಯಾರು ಹೇಳಿದ್ದರಿಂದ ಎಂಬುದನ್ನು ಅನುಕೂಲವಾಗಿ ಮರೆತೆ.

ಆಯುಧಪೂಜೆ ಬಂತು. ತಕ್ಕಡಿ, ಪಂಜರ, ಫ್ರಿಜ್ಜು ಎಲ್ಲ ತೊಳೆದರು. ಪೂಜೆ ಮಾಡುವ ಫ್ರಿಜ್ಜಿನೊಳಗೆ ಉಚ್ಚೆ ಇಡುವುದುಂಟೇ? ಆರು ವಾರದ ಮೂತ್ರ ಚೆಲ್ಲಿ, ಸೀಸೆಗಳನ್ನು ಫಳಫಳ ತಿಕ್ಕಿ, ಒಂದೊಂದಕ್ಕೂ ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದ್ದರು. ನನ್ನ ಡಾಕ್ಟರೇಟು ಚರಂಡಿ ಹಿಡಿದು ತುಂಗೆಯತ್ತ ಹೊರಟಿತ್ತು.

ಅವರೆದುರು ನಾನೂ ಫ್ರಿಜ್ಜಿಗೆ ಕೈಮುಗಿದೆ. ಅವರು ಕೊಟ್ಟ ಮಂಡಕ್ಕಿ ಪ್ರಸಾದ ತಿಂದೆ. ಸಂಜೆ ಕೂತು ಮುಖ್ಯಸ್ಥರಿಗೆ ಎರಡು ಪುಟದ ದೂರು ಬರೆದೆ. ಬಹಳ ಸೊಗಸಾದ ಭಾಷೆ. ವಾರದೊಳಗೆ ಅವರನ್ನು ಕೆಲಸದಿಂದ ತೆಗೆದರು.

ಮತ್ತೆ ಮೂತ್ರ ಹಿಡಿದೆ. ಆದ ನಷ್ಟ ಆರು ವಾರ, ಅಷ್ಟೇ. ಮೂತ್ರದಲ್ಲಿ ಪ್ರೋಟೀನು ಸೋರುತ್ತಿತ್ತು, ಅದಕ್ಕಂಟಿಕೊಂಡು ಡಿ ವಿಟಮಿನ್ನೂ ಹೋಗುತ್ತಿತ್ತು. ಅವರು ಕಂಡ ನೊರೆ ಅದೇ. ಪ್ರಬಂಧದ ಕೃತಜ್ಞತೆಯಲ್ಲಿ ಇಲಿಗಳಿಗೂ ಒಂದು ಸಾಲು ಸಿಕ್ಕಿತು, ಅವರಿಗೆ ಸಿಗಲಿಲ್ಲ. ವಾಪಸ್ ಸೇರಿಸಿಕೊಳ್ಳಿ ಎಂದು ಒಂದು ಚೀಟಿ ಬರೆಯಬಹುದಿತ್ತು... ಆಗ ನನ್ನ ಭಾಷೆ ಕೈಕೊಟ್ಟಿತು.

ನಿನ್ನೆ ಜನ್ನಾಪುರಕ್ಕೆ ಹೋದೆ. ಅವರು ತೀರಿಕೊಂಡು ಮೂರು ವರ್ಷವಾಗಿದೆ. ಕಾಯಂ ಕೆಲಸ ಕೊನೆಗೂ ಎಲ್ಲೂ ಸಿಗಲಿಲ್ಲವಂತೆ. ಅವರ ಹೆಂಡತಿ ನನ್ನ ಗುರುತು ಹಿಡಿದು, ಕೂರಿಸಿ, ಟೀ ಕೊಟ್ಟರು.

"ದೂರು ಕೊಟ್ಟೋರು ಯಾರು ಅಂತ ಕೊನೇವರ್ಗೂ ಗೊತ್ತಾಗ್ಲಿಲ್ಲ ಸಾರ್. 'ನಮ್ ಸಾರ್ ನನ್ ಪರವಾಗಿ ಓಡಾಡೇ ಇರ್ತಾರೆ, ಪಾಪ, ಅವ್ರ ಕೈಲೂ ಆಗಿಲ್ಲ' ಅಂತಿದ್ರು, ನಿಮ್ಮನ್ನೇ."

ನಾನು ಟೀ ಗುಟುಕರಿಸಿದೆ. ಸಕ್ಕರೆ ಸಾಕಾ ಎಂದು ಕೇಳಿದರು. ಸಾಕು ಎಂದೆ. ಆ ಮನೆಯಲ್ಲಿ ನಾನು ಆಡಿದ ಮಾತು ಅದೊಂದೇ.